ಬಳೆಯಿಲ್ಲದ ಕೈ

ಉಪಗ್ರಹ ಕಟ್ಟುವ ಕೋಣೆಯೊಳಗೆ ಧೂಳಿನ ಕಣಕ್ಕೂ ಪ್ರವೇಶವಿರಲಿಲ್ಲ. ಅಂದಮೇಲೆ ಕುಂಕುಮಕ್ಕೆಲ್ಲಿ? ಬಳೆ, ತಾಳಿ, ಓಲೆ ಯಾವುದೂ ಇಲ್ಲದೆ, ತಲೆಯಿಂದ ಪಾದದವರೆಗೆ ಬಿಳಿ ಸೂಟು ತೊಟ್ಟು ಒಳಗೆ ಹೋಗಬೇಕು. ಟೆಲಿವಿಷನ್ ಕಂಪನಿಗಳಿಗಾಗಿ ತಯಾರಾಗುತ್ತಿದ್ದ ಉಪಗ್ರಹಕ್ಕೆ ವೈರುಗಳನ್ನು ಜೋಡಿಸುವುದು ನನ್ನ ಕೆಲಸ. ಎಂಬತ್ತರ ದಶಕದ ಮಾತು.

ಲಾಕರಿನಲ್ಲಿಟ್ಟು ಮರೆತೇನೆಂದು ಎಲ್ಲವನ್ನೂ ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲೇ ಬಿಚ್ಚಿಟ್ಟು ಹೊರಡುತ್ತಿದ್ದೆ. ಮೈಸೂರಿನಿಂದ ಅತ್ತೆ ಬಂದಮೇಲೆ ಅದೇ ಜಗಳವಾಯಿತು. ಮಾವನವರು ತೀರಿಕೊಂಡಂದಿನಿಂದ ಅವರು ಕುಂಕುಮದ ಭರಣಿ ಮುಟ್ಟಿದವರಲ್ಲ. ತಮ್ಮ ಕೈ ತಾಗಿದರೆ ಮುತ್ತೈದೆಯರಿಗೆ ಕೇಡು ಎಂದೇ ನಂಬಿದ್ದರು.

"ನನ್ನ ಮಗ ಗುಂಡುಕಲ್ಲಿನ ಹಾಗೆ ಇದಾನೆ. ನೀನು ಹೀಗೆ ಬೋಳು ಹಣೇಲಿ ಹೊರಟ್ರೆ ಹೇಗಮ್ಮ? ಆ ಕೆಲಸ ಬಿಟ್ಟುಬಿಡು" ಅಂದರು.

ಬಿಟ್ಟರೆ ನನಗೆ ಹುಚ್ಚೇ ಹಿಡಿಯುತ್ತಿತ್ತು, ಅಷ್ಟು ಇಷ್ಟದ ಕೆಲಸ. "ಉಪಗ್ರಹ ಮೇಲೆ ಹೋಗೋವರೆಗೂ ತಡ್ಕೊಳ್ಳಿ ಅತ್ತೆ, ಆಮೇಲೆ ನೋಡೋಣ" ಅಂದೆ. ಒಪ್ಪಿದರು. ಆದರೆ "ಇಂಥ ಕೈ ಮುಟ್ಟಿದ್ದು ಅಲ್ಲೀತನಕ ನೆಟ್ಟಗೆ ಹೋಗುತ್ತೋ ಇಲ್ವೋ" ಎಂದು ಗೊಣಗುವುದನ್ನು ಬಿಡಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾರಿಸುವ ದಿನ ಕಂಪನಿಯವರು ಮನೆಮಂದಿಯನ್ನೂ ಕರೆದಿದ್ದರು. ಕೆಫೆಟೇರಿಯಾದ ಟಿವಿಯಲ್ಲಿ ರಾಕೆಟ್ಟು ಮೇಲೆದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅತ್ತೆಯೂ.

"ಇನ್ನೂ ಮುಗಿದಿಲ್ಲ. ಉಪಗ್ರಹ ರಾಕೆಟ್ಟಿಂದ ಬಿಡಿಸ್ಕೊಂಡು ಸಿಗ್ನಲ್ಲು ಕಳಿಸ್ಬೇಕು" ಅಂದೆ.

ಕಾದೆವು. ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಯಿತು. ಪಕ್ಕದಲ್ಲಿ ಅತ್ತೆಯ ತುಟಿ ಅಲ್ಲಾಡುತ್ತಿತ್ತು, ಯಾವುದೋ ಸ್ತೋತ್ರ. ಅಷ್ಟು ಗೊಣಗಿದವರೇ ನನ್ನ ವೈರುಗಳಿಗಾಗಿ ದೇವರನ್ನು ಬೇಡುತ್ತಿದ್ದರು. ನನಗೆ ಅಳು ಬಂತು. ಕೊನೆಗೆ ಸಿಗ್ನಲ್ಲು ಬಂದಿದೆ ಎಂದು ಸ್ಪೀಕರಿನಲ್ಲಿ ಹೇಳಿದರು.

ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಬಳೆ ಬಿಚ್ಚಿಡುವಾಗ ಅತ್ತೆ ಕೆಲಸ ಬಿಡುವ ಮಾತೆತ್ತಲಿಲ್ಲ. ಸಂಜೆ ಬಂದು ನೋಡಿದರೆ ಕುಂಕುಮದ ಭರಣಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

"ಬಳೆ ಇಲ್ಲದ ಕೈ ಮುಟ್ಟಿದ್ದು ಏನೂ ಕೆಡಲಿಲ್ವಲ್ಲ" ಅಂದರು. "ಬಾ ಇಲ್ಲಿ."

ತಮ್ಮ ಬೋಳು ಕೈಯಿಂದಲೇ ನನಗೆ ಇಟ್ಟರು. ಕುಂಕುಮ ಹಣೆಗಿಂತ ಮೂಗಿನ ಮೇಲೇ ಹೆಚ್ಚು ಉದುರಿತು. ನಾನು ಒರೆಸಿಕೊಳ್ಳಲಿಲ್ಲ.