ಆರ್ಲಿಸ್ ಹೌಗೆನ್ ಬಾಟಲಿಗೆ ವಾಪಸ್ ಸುರಿದದ್ದು

ಬರ್ಚ್ ಕ್ರೀಕ್ ಹೈಸ್ಕೂಲಿನ ಪ್ರಯೋಗಶಾಲೆಯ ಹಿಂದೆ ಇರುವ ಕೋಣೆಗೆ ಲ್ಯಾಬ್ ಸಹಾಯಕಿ ಆರ್ಲಿಸ್ ಹೌಗೆನ್ ಒಡತಿ. ಯಾರೂ ಬರೆದುಕೊಟ್ಟಿರಲಿಲ್ಲ, ಬೀಗದಕೈ ಅವಳ ಹತ್ತಿರವಿತ್ತು, ಅಷ್ಟೇ. ಹುಳಿ, ಕ್ಷಾರ ಅಳೆಯುವ ಗಾಜಿನ ಕಡ್ಡಿಗಳನ್ನು ಅವಳು ಹಸುಗೂಸುಗಳ ಹಾಗೆ ಸಾಕಿದ್ದಳು. ಬರೀ ನೀರಲ್ಲಿ ಇಟ್ಟರೆ ಕಡ್ಡಿಯೊಳಗಿನ ಉಪ್ಪು ಸೋರುತ್ತದೆ, ಒಣಗಲು ಬಿಟ್ಟರೆ ತುದಿ ಸಾಯುತ್ತದೆ. ಅದಕ್ಕೇ ಪೊಟ್ಯಾಸಿಯಂ ಉಪ್ಪನ್ನು ಕರಗಿಸಿ ಒಂದೊಂದು ಕಡ್ಡಿಯ ತುದಿ ಮುಚ್ಚುವ ಟೊಪ್ಪಿಗೆಗೂ ತುಂಬಿಡುತ್ತಿದ್ದಳು. ಕಡ್ಡಿಗೆ ಸರಿಯಾದ ಅಳತೆ ಕಲಿಸುವ ಬಫರ್ ದ್ರಾವಣಗಳನ್ನೂ ಅವಳೇ ಪುಡಿಯಿಂದ ಕಲಸುತ್ತಿದ್ದಳು: ಪಿಎಚ್ ನಾಲ್ಕಕ್ಕೆ ಕೆಂಪು, ಏಳಕ್ಕೆ ಹಳದಿ, ಹತ್ತಕ್ಕೆ ನೀಲಿ.

ಹೊಸ ಕೆಮಿಸ್ಟ್ರಿ ಮೇಷ್ಟ್ರು ಟ್ರೆಂಟ್ ಮಲೋಯ್‌ಗೂ ಅವಳಿಗೂ ಮೊದಲ ದಿನವೇ ಕೆಟ್ಟಿತು.

"ಇದೇನಮ್ಮ, ಲ್ಯಾಬೋ ಅಡುಗೆಮನೆಯೋ? ತಯಾರಾದ ಬಾಟಲಿ ತರಿಸಿದ್ರೆ ನಿಮ್ಮ ಈ ಕಲಸಾಟವೇ ಬೇಕಿಲ್ಲ."

"ನಾನೂ ಬೇಕಿಲ್ಲ ಅನ್ನು. ನುಂಗಬೇಡ, ಬಾಯಿಬಿಟ್ಟೇ ಅನ್ನು."

ಅವನು ಅವಳ ಮುಂದೆ ಅನ್ನಲಿಲ್ಲ, ಪ್ರಿನ್ಸಿಪಾಲ್ ಕೂಬಿಯಾಕ್ ಮೇಡಂ ಮುಂದೆ ಅಂದ. ಅಂದಿನಿಂದ ಅವನು ಕಾಲಿಟ್ಟ ಕಡೆ ಇವಳು ನೆಲ ಒರೆಸುವಳು; ಇವಳು ಒರೆಸಿದ ಮೇಜನ್ನು ಅವನು ಮತ್ತೆ ಒರೆಸುವನು.

ನವೆಂಬರಿನಲ್ಲಿ ಹುಡುಗರು ವಿನಿಗರ್ ಅಳೆಯುವಾಗ ಕಡ್ಡಿ ಸಿಕ್ಕಿಸಿದ ಯಂತ್ರಗಳೆಲ್ಲ ಹುಚ್ಚು ಅಂಕಿ ತೋರಿಸಿದವು. ಟ್ರೆಂಟ್ ಒಂದು ಕಡ್ಡಿಯನ್ನು ಸತ್ತ ಇಲಿಯ ಹಾಗೆ ತೂಗಾಡಿಸುತ್ತ ನುಗ್ಗಿದ. ಹಿಂದೆಯೇ ಕೂಬಿಯಾಕ್.

"ನೋಡಿ ನಿಮ್ಮ ಕೂಸು, ಸತ್ತಿದೆ. ಮೇಡಂ, ಈ ಕೋಣೆ ಯಾರದು ಅಂತ ಇವತ್ತೇ ತೀರ್ಮಾನ ಆಗ್ಲಿ."

ಆರ್ಲಿಸ್ ಬಫರ್ ಪುಡಿಯ ಹೊಸ ಪೊಟ್ಟಣಗಳನ್ನು ಒಡೆದು, ಶುದ್ಧ ನೀರಲ್ಲಿ ಕರಗಿಸಿದಳು. ಕಡ್ಡಿಗೆ ಆ ಹೊಸ ದ್ರಾವಣಗಳಲ್ಲೇ ಅಳತೆ ಕಲಿಸಿ, ಹಳದಿಯಲ್ಲಿ ಅದ್ದಿದಳು. ಏಳು. ಕದಲಲಿಲ್ಲ.

"ಸತ್ತದ್ದು ಉಸಿರಾಡ್ತಿದೆ, ಕಣ್ಣಿದ್ರೆ ನೋಡು."

ಟ್ರೆಂಟ್ ಅದೇ ಕಡ್ಡಿಯನ್ನು ಅವಳ ಹಳೆಯ ಹಳದಿ ಬಾಟಲಿಗೆ ಇಳಿಸಿದ. ಏಳು ಬರಲಿಲ್ಲ. ನೀಲಿಗೆ ಇಳಿಸಿದ. ಹತ್ತಂತೂ ಹತ್ತಿರವೂ ಇಲ್ಲ.

"ಹಂಗಾದ್ರೆ ಸತ್ತಿರೋದು ಬಾಟಲಿ. ಯಾರಮ್ಮ ಕಲಸಿದ್ದು?"

ಆರ್ಲಿಸ್ ಹಾಲಿನ ಹಟ್ಟಿಯಲ್ಲಿ ಬೆಳೆದವಳು; ಕ್ಯಾನಿನ ತಳದ ಹನಿಯನ್ನೂ ಬಗ್ಗಿಸಿ ತೆಗೆಯುತ್ತಿದ್ದ ಮನೆ. ಚರ್ಚಿನ ನೆಲಮಾಳಿಗೆಯಲ್ಲಿ ಜಗ್ಗಿನಲ್ಲಿ ಉಳಿದ ಕಾಫಿಯನ್ನು ಹೆಂಗಸರು ದೊಡ್ಡ ಪಾತ್ರೆಗೇ ವಾಪಸ್ ಸುರಿಯುವವರು. ಚೆಲ್ಲಿದವಳ ಕಡೆ ಎಲ್ಲರೂ ನೋಡುವವರು. ಹುಡುಗರು ಕಡ್ಡಿ ಅದ್ದಿ ಹೋದ ಮೇಲೆ ಪುಟ್ಟ ಲೋಟಗಳಲ್ಲಿ ಉಳಿದ ಚೆಂದದ ಬಣ್ಣದ ದ್ರಾವಣವನ್ನು ಮೋರಿಗೆ ಬಗ್ಗಿಸಲು ಅವಳಿಗೆ ಕೈ ಬರುತ್ತಿರಲಿಲ್ಲ. ಬಾಟಲಿಗೇ ಸುರಿಯುತ್ತಿದ್ದಳು. ಕಡ್ಡಿಗಂಟಿದ ವಿನಿಗರೂ ಸೋಪುನೀರೂ ಜತೆಗೇ ಹೋದವು.

ಕೂಬಿಯಾಕ್‌ಗೆ ಈ ಜಗಳ ಸಾಕಾಗಿತ್ತು. "ಹುಡುಗರು ಸುರಿದಿರ್ತಾರೆ, ಅಲ್ವಾ ಆರ್ಲಿಸ್? ಪ್ರತಿ ವರ್ಷ ಇದೇ ಗೋಳು."

ತಲೆಯಾಡಿಸಿದ್ದರೆ ಕೋಣೆ ಉಳಿಯುತ್ತಿತ್ತು. ಆರ್ಲಿಸ್ ಟ್ರೆಂಟ್‌ನ ಮುಖ ನೋಡಿದಳು. ಇವಳು ಸುಳ್ಳು ಹೇಳುತ್ತಾಳೆಂದು ಕಾದಿದ್ದ ತುಟಿಯಂಚಿನ ನಗು. ಆ ನಗುವಿಗೆ ಮೇವು ಹಾಕಲು ಅವಳಿಗೆ ಮನಸ್ಸಾಗಲಿಲ್ಲ.

"ಹುಡುಗರಲ್ಲ. ನಾನೇ ಸುರಿದೆ. ಶಾಲೆ ಶುರುವಾದಾಗಿನಿಂದ."

"ಕೇಳಿದ್ರಲ್ಲ ಮೇಡಂ?" ಟ್ರೆಂಟ್ ಕೈ ಚಾಚಿದ.

ಕೂಬಿಯಾಕ್ ಕಿಟಕಿ ಕಡೆ ನೋಡುತ್ತ, "ಬೀಗದಕೈ ಟ್ರೆಂಟ್ ಹತ್ರ ಇರಲಿ. ನೀನು ಸೋಮವಾರದಿಂದ ಲೈಬ್ರರಿಗೆ ಬಾ," ಎಂದು ಹೊರಟುಹೋದರು.

ಆರ್ಲಿಸ್ ಹಳೆಯದನ್ನೆಲ್ಲ ಮೋರಿಗೆ ಬಗ್ಗಿಸಿ, ಬಾಟಲಿ ತಿಕ್ಕಿ, ಮೂರೂ ಬಣ್ಣವನ್ನು ಹೊಸದಾಗಿ ಕಲಸಿದಳು. ಉಪ್ಪು ಕರಗಿಸಿ ಟೊಪ್ಪಿಗೆಗಳನ್ನು ತುಂಬತೊಡಗಿದಳು. ಟ್ರೆಂಟ್ ಕೈಕಟ್ಟಿ ನಿಂತಿದ್ದ.

"ಯಾಕೆ ಸುಮ್ನೆ ಮೈಮುರಿದು ದುಡೀತೀರಿ? ನಾನು ತರಿಸ್ತೀನಿ."

"ನಿನಗೋಸ್ಕರ ಅಂದ್ಕೊಂಡ್ಯಾ? ನೀನು ತರಿಸೋವರೆಗೆ ಇವು ಒಣಗ್ತಾವೆ."

"ಆ ಲೋಟದಲ್ಲಿ ಹಳದಿ ಉಳೀತು. ಬಾಟಲಿಗೆ ಸುರಿಯಲ್ವಾ ಅಮ್ಮ?"

ಅವಳು ಅವನ ಕಣ್ಣನ್ನೇ ನೋಡುತ್ತ ಅದನ್ನು ಮೋರಿಗೆ ಚೆಲ್ಲಿದಳು. ಕೊನೆಯ ಟೊಪ್ಪಿಗೆ ತಿರುಗಿಸಿದಳು. ಅವನು ಮತ್ತೆ ಕೈ ಚಾಚಿದ. ಬೀಗದಕೈಯನ್ನು ಆ ಕೈಗೆ ಕೊಡದೆ ಮೋರಿಯ ಅಂಚಿನ ಮೇಲಿಟ್ಟಳು.

"ಬಗ್ಗಿ ತಗೋ," ಎಂದು ಕೋಟು ಎಳೆದುಕೊಂಡು ನಡೆದಳು.