ಚೀಟಿ ಟೀಚರ್ ಬರೆದ ನಲ್ಲಿ ಪಾಠ

ಸೈಕಲ್ ಅಂಗಡಿಯ ಷಟರ್ ದಿನಾ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯವರು ಅದಕ್ಕೊಂದು ಒದೆ ಕೊಡುತ್ತಾರೆ, ಆಮೇಲೆ ಗಡಗಡನೆ ಮೇಲೇರುತ್ತದೆ. ಆ ಒದೆಗೆ ಮಹಡಿಯ ಮೇಲಿನ ಫ್ರೆಂಚ್ ಟೀಚರ್‌ಗೆ ಎಚ್ಚರ. ಎದ್ದವರು ಮುಖ ತೊಳೆಯುವ ಮೊದಲೇ ಕತ್ತರಿ, ಗೋಂದು, ಬಣ್ಣದ ಕಾಗದ ಹುಡುಕುತ್ತಾರೆ.

"ನೀನು ಔಷಧಿ ಅಂಗಡಿ ಇಟ್ಟಿದ್ರೆ ಇಷ್ಟು ಹೊತ್ತಿಗೆ ಉದ್ಧಾರ ಆಗಿರ್ತಿದ್ದೆ," ಎಂದು ಅಡುಗೆಮನೆಯಿಂದ ಅವರ ತಾಯಿ ಹೇಳುತ್ತಾರೆ. "ಬರೀ ಚೀಟಿ ಅಂಟಿಸೋದೇ ಆಯ್ತು."

ಬೀದಿಯವರಿಗೂ ಅವರು ಚೀಟಿ ಟೀಚರ್ರೇ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಫ್ರೆಂಚ್ ಕಲಿಸುತ್ತಾರೆ. ಅಲ್ಲಿನ ಬೀರುವಿನಲ್ಲಿ ಪ್ರತಿ ಪುಸ್ತಕದ ಬೆನ್ನಿಗೂ ಒಂದು ಚೀಟಿ. ಈಗಷ್ಟೇ ಬಂದವರಿಗೆ ಬಿಳಿ, ಅಂಗಡಿಯಲ್ಲಿ ಚೌಕಾಸಿ ಮಾಡಬಲ್ಲವರಿಗೆ ಹಳದಿ, ಫ್ರೆಂಚಿನಲ್ಲೇ ಜಗಳ ಆಡಬಲ್ಲವರಿಗೆ ಹಸಿರು. ಹೊಸಬರಿಗೆ ಪರೀಕ್ಷೆ ಇಲ್ಲ. ಒಂದು ಪುಟ ಓದಲು ಕೊಟ್ಟು ಮುಖ ನೋಡುತ್ತಾರೆ. ಹುಬ್ಬು ಗಂಟಾದರೆ ಪುಟ ಭಾರ, ಆಕಳಿಕೆ ಬಂದರೆ ಹಗುರ. ಈ ತೂಕ ತಪ್ಪಿದ್ದೇ ಇಲ್ಲ ಎಂಬ ಸಣ್ಣ ಜಂಬ ಅವರಿಗಿತ್ತು.

ಆ ವರ್ಷ ನಲ್ಲಿ ರಿಪೇರಿಯವರೊಬ್ಬರು ಬಂದು ಸೇರಿದರು. ತಲೆ ನೆರೆತ, ಅಗಲ ಅಂಗೈಯ ಮನುಷ್ಯ. ಅವರ ಮಗಳು ಫ್ರೆಂಚ್ ಮಾತಾಡುವ ಮನೆಯ ಹುಡುಗನನ್ನು ಮದುವೆಯಾಗಿದ್ದಳು. ಮಗಳು, ಅಳಿಯ ಇಬ್ಬರೂ ಇವರ ಜೊತೆಗೇ ಇದ್ದರು. ಈಚೆಗೆ ಬೀಗರು ತೀರಿಕೊಂಡು, ಒಂಟಿಯಾದ ಬೀಗಿತ್ತಿ ಇನ್ನು ಇಲ್ಲೇ ಬಂದು ಇರುವುದೆಂದು ನಿಶ್ಚಯವಾಗಿತ್ತು.

"ಮಗಳು ಅಳಿಯ ಕೆಲಸಕ್ಕೆ ಹೋದ್ರೆ ಬರೋದು ಸಂಜೆಗೇ," ಎಂದರು ಅವರು. "ಮಧ್ಯಾಹ್ನ ಊಟಕ್ಕೆ ನಾವು ಮೂರೇ ಜನ. ನನ್ನ ಹೆಂಡ್ತಿ ಬಿಡಿ, ಕೈಸನ್ನೆಯಲ್ಲೇ ಸಂಸಾರ ಮಾಡ್ತಾಳೆ. ನಾನು ನಮ್ಮನೇಲೇ ಗೊಂಬೆ ಥರ ಕೂತಿರ್ಬೇಕಾ ಟೀಚರ್? ಗಂಡನ್ನ ಕಳ್ಕೊಂಡು ಬರ್ತಿದಾರೆ. ನಾಲ್ಕು ಮಾತಾದ್ರೂ ಬೇಡ್ವಾ?"

ಟೀಚರ್ ಪುಟ ಕೊಟ್ಟರು, ಮುಖ ನೋಡಿದರು, ಬಿಳಿ ಚೀಟಿ ಎಂದರು. ಬಿಳಿ ಚೀಟಿಯವೆಲ್ಲ ಮಕ್ಕಳ ಪುಸ್ತಕಗಳು. ಬಾತುಕೋಳಿ ಮರಿಯೊಂದು ಅಮ್ಮನನ್ನು ಹುಡುಕುವ ಕಥೆಯನ್ನು ನಲ್ಲಿಯವರು ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಾಗ, ಹಿಂದಿನ ಬೆಂಚಿನ ಬ್ಯಾಂಕ್ ಹುಡುಗಿಯರಲ್ಲಿ ಒಬ್ಬಳು ಮೆಲ್ಲಗೆ ಕೇಳಿದಳು, "ಅಂಕಲ್, ಅಮ್ಮ ಸಿಕ್ಕಿದ್ಲಾ?"

ಅವರೂ ನಕ್ಕರು. ಆದರೆ ಮರುದಿನ ಬರಲಿಲ್ಲ. ಅದರ ಮರುದಿನ ಬಾತುಕೋಳಿ ಮಾತ್ರ ಗ್ರಂಥಾಲಯದ ಕಾವಲುಗಾರರ ಕೈಯಲ್ಲಿ ವಾಪಸ್ ಬಂತು.

ಮಟ್ಟ ಸರಿಯಾಗಿಯೇ ಇತ್ತಲ್ಲ ಎಂದು ಟೀಚರ್‌ಗೆ ಪೇಚಾಟ. ಕೊಳಾಯಿ ಕೆಲಸದ ದಪ್ಪ ಫ್ರೆಂಚ್ ಪುಸ್ತಕವೊಂದನ್ನು ಹುಡುಕಿ, ನಲ್ಲಿಯವರು ಕೆಲಸ ಮಾಡುತ್ತಿದ್ದ ಮನೆಗೇ ಹೊತ್ತುಕೊಂಡು ಹೋದರು. ಸಿಂಕಿನ ಕೆಳಗಿನಿಂದ ತಲೆ ಹೊರಗೆ ಬಂತು. ಅವರು ಕೈ ಒರೆಸಿಕೊಂಡು ಪುಟ ತಿರುವಿದರು.

"ಚಿತ್ರ ಎಲ್ಲಾ ನಮ್ಮ ನೆಂಟರೇ," ಎಂದರು. "ಅಕ್ಷರ ಮಾತ್ರ ಒಂದೂ ಮಾತಾಡಿಸ್ತಿಲ್ಲ. ಮೊದ್ಲು ಮಗು ಮಾಡಿದ್ರಿ, ಈಗ ಇಂಜಿನಿಯರ್ ಮಾಡ್ತಿದೀರಿ. ಮಧ್ಯದಲ್ಲಿ ನಾನೊಬ್ಬ ಇದೀನಲ್ಲ ಟೀಚರ್."

ಮನೆಗೆ ಬಂದು ಹೇಳಿದರೆ ತಾಯಿಯೂ ಅವರ ಕಡೆಗೇ. "ಆ ಬಾತುಕೋಳಿ ಕಟ್ಕೊಂಡು ಅವರೇನು ಮಾಡ್ಲಿ? ನಾನಾಗಿದ್ರೆ ಅವತ್ತೇ ಎದ್ದು ಬರ್ತಿದ್ದೆ."

ಟೀಚರ್ ಬಣ್ಣದ ಕಾಗದ ಪಕ್ಕಕ್ಕೆ ಸರಿಸಿ, ಬಿಳಿ ಹಾಳೆಯ ಮೇಲೆ ತಾವೇ ಫ್ರೆಂಚಿನಲ್ಲಿ ಪಾಠ ಬರೆಯತೊಡಗಿದರು. ನಲ್ಲಿ ಸೋರುತ್ತಿದೆ. ಎಂದಿನಿಂದ? ನಿನ್ನೆಯಿಂದ. ವಾಷರ್ ಸವೆದಿದೆ. ನಾಳೆ ಸರಿ ಮಾಡುತ್ತೇನೆ. ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ. ಮಾತುಗಳು ಮಗುವಿನ ಬಾಯಿಗೂ ಹಿಡಿಸುವಷ್ಟು ಪುಟ್ಟವು, ವಿಷಯ ಮಾತ್ರ ಮನೆ ನಡೆಸುವವರದು. ಬರೆಯುತ್ತ ಬರೆಯುತ್ತ ಅವರಿಗೆ ತಮ್ಮ ಬೀರುವಿನ ಬಗ್ಗೆಯೇ ನಾಚಿಕೆಯಾಯಿತು.

ಆ ಹಾಳೆ ಕೈಗೆ ಬಂದದ್ದೇ ನಲ್ಲಿಯವರು ತರಗತಿಗೆ ಮರಳಿದರು. ಒಂದು ಪುಟ ಮುಗಿದರೆ ಇನ್ನೊಂದು ಕೇಳಿದರು. ಬ್ಯಾಂಕ್ ಹುಡುಗಿಯರು, "ಟೀಚರ್, ನಮ್ಮ ಹಾಸ್ಟೆಲಲ್ಲೂ ನಲ್ಲಿ ಸೋರುತ್ತೆ, ನಮಗೂ ಅದೇ ಪಾಠ ಕೊಡಿ," ಎಂದು ಗಂಟುಬಿದ್ದರು. ತಿಂಗಳ ಕೊನೆಗೆ ಬೀಗಿತ್ತಿ ಬಂದಿಳಿದರು.

ಎರಡು ದಿನ ಸುದ್ದಿಯಿಲ್ಲ. ಮೂರನೆಯ ಮಧ್ಯಾಹ್ನ ಟೀಚರ್ ಊಟಕ್ಕೆ ಕೂತಿದ್ದಾಗ ನಲ್ಲಿಯವರು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು.

"ಬಚ್ಚಲುಮನೆ ತೋರಿಸ್ದೆ. ಬಿಸಿನೀರು ಎಡಕ್ಕೆ ಅಂದೆ, ಅರ್ಥವಾಯ್ತು ಅವರಿಗೆ. ನಲ್ಲಿ ಸೋರುತ್ತೆ, ನಾಳೆ ಸರಿ ಮಾಡ್ತೀನಿ ಅಂದೆ. ಅಷ್ಟೇ ನೋಡಿ, ಅಳೋಕೆ ಶುರು ಮಾಡಿದ್ರು."

"ಯಾಕೆ?"

"ಅವರ ಮನೇಲಿ ಇದನ್ನೆಲ್ಲ ಅವರ ಯಜಮಾನ್ರೇ ಮಾಡ್ತಿದ್ರಂತೆ. ಅಷ್ಟು ತಿಳೀತು. ಆಮೇಲೆ ನನ್ ಹತ್ರ ಉಳಿದಿದ್ದು 'ವಾಷರ್ ಸವೆದಿದೆ' ಅನ್ನೋದೊಂದೇ."

"ಅದನ್ನೂ ಹೇಳಿಬಿಟ್ರಾ ಅಣ್ಣ?"

"ಹೇಳ್ದೆ. ಏನು ಮಾಡ್ಲಿ, ಸುಮ್ನೆ ನಿಂತಿರೋಕಾಗ್ಲಿಲ್ಲ." ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. "ಇನ್ನೂ ಅಲ್ಲೇ ಸ್ಟೂಲಿನ ಮೇಲೆ ಕೂತಿದಾರೆ. ಸಾವಿನ ಮಾತು ಯಾವ ಬಣ್ಣದ ಚೀಟೀಲಿದೆ ಟೀಚರ್? ಹಸಿರಾದ್ರೆ ನನ್ ಕೈಲಾಗಲ್ಲ."

ಟೀಚರ್ ತಟ್ಟೆ ನೋಡಿದರು, ಆಮೇಲೆ ಅವರ ಮುಖ ನೋಡಿದರು. ತೂಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕೈ ತೊಳೆದು ಬಂದು ಚಪ್ಪಲಿ ಮೆಟ್ಟಿದರು.

"ಊಟ ಮುಗಿಸಿ ಹೋಗೇ," ಎಂದರು ತಾಯಿ.

"ಬಂದೆ ಅಮ್ಮ. ನಡೀರಿ ಅಣ್ಣ, ದಾರೀಲೇ ಹೇಳ್ಕೊಡ್ತೀನಿ." ಟೀಚರ್ ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದರು. "ಅದಕ್ಕೆ ದೊಡ್ಡ ಮಾತು ಬೇಡ. ಅವರ ಯಜಮಾನ್ರ ಹೆಸರೇನು ಅಂತ ಕೇಳಿ, ಹೆಸರು ಕೇಳೋದು ಮೊದಲನೇ ದಿನವೇ ಕಲಿತಿದೀರಿ. ಅವರು ಹೇಳ್ತಾ ಹೋಗ್ಲಿ, ತಡೀಬೇಡಿ. ಅರ್ಥವಾಗದೇ ಇದ್ರೂ ಪರವಾಗಿಲ್ಲ, ಪಕ್ಕದಲ್ಲಿ ಕೂತ್ಕೊಂಡು ನೀವು ಬರೀ 'ಹೌದು, ಹೌದು' ಅಂತಿರಿ, ಸಾಕು."