ಅಳಿಲಿನ ಕೂಗು, ನನ್ನ ಹೊಟ್ಟೆಕಿಚ್ಚು

ಕೊರೊನಾ ಕಳೆದು ಕಾಲೇಜುಗಳು ಮತ್ತೆ ತೆರೆದ ವರ್ಷ ನಾನು ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೆನ್ನ ಮೇಲೆ ಮೂರು ಪಟ್ಟೆಯಿರುವ ನಮ್ಮೂರ ಅಳಿಲೇ ನನ್ನ ಅಧ್ಯಯನದ ವಿಷಯ.

ಆ ವರ್ಷ ರೂಪಾ ಎಂಬ ಅತಿಥಿ ಉಪನ್ಯಾಸಕಿ ಬಂದರು. ಅಳಿಲು ತಲೆ ಕೆಳಗೆ ಮಾಡಿ ಮರ ಇಳಿಯುವಾಗ ಹಿಂಗಾಲಿನ ಪಾದ ಹಿಂದಕ್ಕೆ ತಿರುಗಿ, ಉಗುರು ತೊಗಟೆಯನ್ನು ಕಚ್ಚಿಕೊಳ್ಳುತ್ತದೆ. ಇದನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಹೇಳಿದ್ದೆ, ಮಕ್ಕಳು ಆಕಳಿಸಿದ್ದರು. ರೂಪಾ ಒಂಟಿಕೊಪ್ಪಲಿನ ತಮ್ಮ ಮನೆಯಂಗಳದಲ್ಲಿ ಅದನ್ನೇ ಮೊಬೈಲಿನಲ್ಲಿ ಸೆರೆಹಿಡಿದು, ಆ ವಿಡಿಯೊವನ್ನು ನಿಧಾನವಾಗಿ ಓಡಿಸಿ ತೋರಿಸಿದರು. ತರಗತಿ ಚಪ್ಪಾಳೆ ತಟ್ಟಿತು. ಪಕ್ಕದ ಕೊಠಡಿಯಲ್ಲಿದ್ದ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮರುವಾರವೇ ಅವರ ಹೊರಾಂಗಣ ತರಗತಿಗಳನ್ನು ನಾನೇ ತೆಗೆದುಕೊಂಡೆ. ಅವರು ಬರೀ ಸಹಾಯಕ್ಕೆ.

ಒಂದು ಬೆಳಿಗ್ಗೆ ಹನ್ನೆರಡು ಮಂದಿ ವಿದ್ಯಾರ್ಥಿಗಳೊಂದಿಗೆ ನಾನೂ ರೂಪಾ ಅವರೂ ಕಾಲೇಜಿನ ನೇರಳೆ ಮರದ ಕೆಳಗೆ ನಿಂತಿದ್ದೆವು. ತಗ್ಗಿನ ಕೊಂಬೆಯಲ್ಲೊಂದು ಅಳಿಲು ಬಾಲ ಕುಣಿಸುತ್ತ ಒಂದೇ ಸಮನೆ ಕೂಗುತ್ತಿತ್ತು.

ರೂಪಾ ಮೆಲ್ಲಗೆ ಹೇಳಿದರು, "ಮೇಡಂ, ಅದು ಓಡ್ತಿಲ್ಲ, ಕೆಳಗೇ ನೋಡ್ತಿದೆ. ಎಲೆ ರಾಶೀಲಿ ಏನೋ ಇದೆ ಅನ್ಸುತ್ತೆ. ಮಕ್ಕಳನ್ನ ಹಿಂದಕ್ಕೆ ಕರ್ಕೊಳ್ಳೋಣ್ವಾ?"

ಅವರ ಮಾತು ಸರಿಯೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೂ ಅಂದೆ, "ಯಾವ್ದೋ ಬೆಕ್ಕು ಕಂಡಿರುತ್ತೆ ಕಣಮ್ಮ. ನನ್ನ ಕ್ಲಾಸಲ್ಲಿ ನಡುವೆ ಬಾಯಿ ಹಾಕ್ಬೇಡಿ."

ಅಷ್ಟರಲ್ಲಿ ಕಾವ್ಯ ಎಂಬ ಹುಡುಗಿ ಅಳಿಲು ಕಡಿದು ಬೀಳಿಸಿದ್ದ ಕಾಯನ್ನು ಎತ್ತಲು ಎಲೆಗಳತ್ತ ಕೈಚಾಚಿದಳು. ರೂಪಾ ಅವಳ ದುಪಟ್ಟಾ ಹಿಡಿದು ಜೋರಾಗಿ ಎಳೆದರು. ಇಬ್ಬರೂ ಬಿದ್ದರು. ಎಲೆಗಳಡಿಯಿಂದ ಕುಕ್ಕರಿನ ಆವಿಯಂತೆ ಬುಸ್ಸೆಂಬ ಸದ್ದು ಬಂತು. ಕೊಳಕುಮಂಡಲ! ಕಾವ್ಯಳ ಕೈಯಿದ್ದ ಜಾಗಕ್ಕೆ ಅದು ಹೊಡೆದೂ ಆಗಿತ್ತು.

ಯಾರಿಗೂ ಕಚ್ಚಲಿಲ್ಲ. ಹಾವು ಹಿಡಿಯುವವರು ಬಂದು ಒಯ್ದರು. ಮಧ್ಯಾಹ್ನ ಪ್ರಾಂಶುಪಾಲರು ಸ್ಟಾಫ್ ರೂಮಿಗೆ ಬಂದು, "ನಿಮ್ಮ ಅನುಭವ ಇವತ್ತು ಒಂದು ಜೀವ ಉಳಿಸ್ತು ಕಣ್ರೀ," ಎಂದು ನನ್ನನ್ನು ಹೊಗಳಿದರು. ರೂಪಾ ಎದುರಿಗೇ ಕುಳಿತಿದ್ದರು. ಹೇಳಲು ನಾಚಿಕೆಯಾಗುತ್ತದೆ, ಆ ಹೊಗಳಿಕೆ ನನಗೆ ಹಿತವಾಗಿತ್ತು. ಆದರೂ ಕುರ್ಚಿಯಿಂದ ಎದ್ದು ಹೇಳಿದೆ,

"ಉಳಿಸಿದ್ದು ನಾನಲ್ಲ ಸಾರ್, ರೂಪಾ. ಅವರು ಹೇಳಿದ್ರು. ನಾನೇ ಬಾಯಿ ಮುಚ್ಚಿಸ್ದೆ."

ಹೊರಾಂಗಣ ತರಗತಿಗಳನ್ನು ಅವರಿಗೇ ಹಿಂದಿರುಗಿಸಿದೆ. ಅಲ್ಲಿಂದ ನಗು ಕೇಳಿಬಂದಾಗಲೆಲ್ಲ ಒಳಗೆ ಚುರುಕ್ಕೆನ್ನುತ್ತಿದ್ದುದು ಮಾತ್ರ ನಿವೃತ್ತಿಯವರೆಗೂ ನಿಲ್ಲಲಿಲ್ಲ.

ಎದುರಿಗಿರುವ ಪ್ರಾಣಿಯನ್ನು ಮೊದಲು ಗಮನಿಸಿ ಎಂದು ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಆ ಬೆಳಿಗ್ಗೆ ನಾನು ಗಮನಿಸುತ್ತಿದ್ದದ್ದು ರೂಪಾರನ್ನು.